ಆಯಿಲ್ ಪ್ರೆಷರ್ ಮುಳ್ಳನ್ನು ನಂಬುವ ಮೊದಲು ನಾನು ಮಾಡಿದ್ದು

ಶಿವಮೊಗ್ಗದ ಹತ್ತಿರ ನಮ್ಮ ಶೆಡ್ಡಿನಲ್ಲಿ ಎರಡು ಸೀಟಿನ ವಿಮಾನ ಕಟ್ಟುತ್ತಿದ್ದೇನೆ. ಎಂಜಿನ್ ರೋಟ್ಯಾಕ್ಸ್ 912. ನೋಡಲು ಬಂದವರೆಲ್ಲ ರೆಕ್ಕೆ, ಪ್ರೊಪೆಲರ್ ಬಗ್ಗೆಯೇ ಕೇಳುತ್ತಾರೆ. ನನ್ನ ಕಣ್ಣು ಮಾತ್ರ ಆಯಿಲ್ ಪ್ರೆಷರ್ ಗೇಜ್ ಮೇಲೆ. ಒತ್ತಡ ಹೋದರೆ ಬೇರಿಂಗ್ ಉಳಿಯುವುದಿಲ್ಲ, ಬೇರಿಂಗ್ ಹೋದರೆ ಎಂಜಿನ್ನೇ ಹೋಯಿತು.

ಈ ಎಂಜಿನ್ನಿಗೆ 3500 ಆರ್‌ಪಿಎಂ ಮೇಲೆ ಆಯಿಲ್ ಒತ್ತಡ 2ರಿಂದ 5 ಬಾರ್ (ಒತ್ತಡದ ಅಳತೆ) ಇರಬೇಕು. ಅದಕ್ಕಿಂತ ಕೆಳಗೆ ಕನಿಷ್ಠ 0.8. ಚಳಿಗಾಲದ ಬೆಳಿಗ್ಗೆ ಆಯಿಲ್ ಮಂದವಾಗಿರುತ್ತದೆ. ಆಗ ಮುಳ್ಳು ಸ್ವಲ್ಪ ಹೊತ್ತು 7ರವರೆಗೆ ಏರಿದರೂ ಗಾಬರಿ ಬೇಡ.

ಒತ್ತಡ ಅಳೆದು ಗೇಜ್‌ಗೆ ತಿಳಿಸುವ ಭಾಗವೇ ಸೆಂಡರ್. ನನ್ನದು ಹಳೇ ಮಾದರಿಯ ರೆಸಿಸ್ಟೆನ್ಸ್ ಸೆಂಡರ್, ಒತ್ತಡ ಏರಿದಂತೆ ಅದರ ವಿದ್ಯುತ್ ತಡೆ (ಓಮ್) ಏರುತ್ತದೆ. ಸೊನ್ನೆ ಒತ್ತಡಕ್ಕೆ ಸುಮಾರು 10 ಓಮ್, 10 ಬಾರ್‌ಗೆ ಸುಮಾರು 180. ಅಂದರೆ ಒಂದು ಬಾರ್‌ಗೆ ಹೆಚ್ಚುಕಮ್ಮಿ 17 ಓಮ್. ಅರ್ಥಿಂಗ್ ಎಂಜಿನ್ ಮೈಯಿಂದಲೇ. ಮಲೆನಾಡಿನಲ್ಲಿ ತೊಂದರೆ ಶುರುವಾಗುವುದೇ ಇಲ್ಲಿ. ಮಳೆಗಾಲದ ಥಂಡಿಗೆ ಕನೆಕ್ಟರ್ ಒಳಗೆ ಹಸಿರು ಕಿಲುಬು ಹಿಡಿಯುತ್ತದೆ, ರೆಸಿಸ್ಟೆನ್ಸ್ ಏರುತ್ತದೆ. ಗೇಜ್‌ಗೆ ಕಿಲುಬು ಯಾವುದು, ಒತ್ತಡ ಯಾವುದು ಅಂತ ಗೊತ್ತಾಗಲ್ಲ ಅಲ್ವಾ? ಬರೀ 17 ಓಮ್ ಸೇರಿದರೆ ಸಾಕು, 1.5 ಬಾರ್ ಇದ್ದದ್ದು 2.5 ಅಂತ ತೋರಿಸುತ್ತದೆ. ಮುಳ್ಳು ಗೇಜಿನ ಹಸಿರು ಪಟ್ಟಿಯಲ್ಲೇ, ಅಂದರೆ ಸುರಕ್ಷಿತ ಮಿತಿಯಲ್ಲೇ, ಆರಾಮಾಗಿ ಕೂತಿರುತ್ತದೆ. ಕಡಿಮೆ ತೋರಿಸುವ ಗೇಜ್ ಸುಮ್ನೆ ವಿಮಾನ ಇಳಿಸುವಂತೆ ಮಾಡುತ್ತದೆ, ಅಷ್ಟೆ. ಜಾಸ್ತಿ ತೋರಿಸುವ ಗೇಜ್ ಕಂಡರೆ ನನಗೆ ನಿಜಕ್ಕೂ ಭಯ.

ಅದಕ್ಕೇ ಸೆಂಡರ್ ಬಿಚ್ಚಿಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಒಂದು ಟಿ ಜೋಡಣೆ: ಒಂದು ಬಾಯಿಗೆ ಕಂಪ್ರೆಸರ್ ಪೈಪು, ಇನ್ನೊಂದಕ್ಕೆ ಒಳ್ಳೆಯ ಮೆಕ್ಯಾನಿಕಲ್ ಗೇಜ್, ಮೂರನೆಯದಕ್ಕೆ ಸೆಂಡರ್. ಮಲ್ಟಿಮೀಟರಿನ ಒಂದು ತುದಿ ಸೆಂಡರ್ ಮೈಗೆ, ಇನ್ನೊಂದು ಟರ್ಮಿನಲ್‌ಗೆ. 29 ಪಿಎಸ್‌ಐ ಅಂದರೆ 2 ಬಾರ್, 73 ಅಂದರೆ 5 ಬಾರ್. ನಿಧಾನ ಗಾಳಿ ಬಿಡುತ್ತಾ ಏರುವಾಗಲೂ ಇಳಿಯುವಾಗಲೂ ಓಮ್ ಬರೆದುಕೊಂಡೆ. ಅಂಗಡಿಯವರು ಕೆಲಸ ಬಿಟ್ಟು ಪಕ್ಕದಲ್ಲೇ ನಿಂತು ನೋಡಿದರು. ಆ ಪಟ್ಟಿ ಈಗ ಶೆಡ್ಡಿನ ಗೋಡೆ ಮೇಲಿದೆ.

ಆಮೇಲೆ ಸೆಂಡರನ್ನು ಎಂಜಿನ್‌ನಿಂದ ಫೈರ್‌ವಾಲ್‌ಗೆ (ಎಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಬೆಂಕಿ ತಡೆಯುವ ಗೋಡೆ) ತಂದು, ನಡುವೆ ಹೋಸ್ ಹಾಕಿದೆ. ಎಂಜಿನ್ ನಡುಕಕ್ಕೆ ಸೆಂಡರ್ ಬೇಗ ಕೆಡುತ್ತದೆ. ಅದರ ಮೈಯಿಂದ ಪ್ಯಾನೆಲ್ ಅರ್ಥ್‌ಗೆ ಬೇರೆಯೇ ವೈರ್ ಎಳೆದೆ.

ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡ ತೋರಿಸುವ ಮ್ಯಾನಿಫೋಲ್ಡ್ ಗೇಜ್ ಪರೀಕ್ಷೆಗೆ ಇಷ್ಟೆಲ್ಲ ಬೇಡ. ಶಿವಮೊಗ್ಗ ಇರುವುದು ಸುಮಾರು 570 ಮೀಟರ್ ಎತ್ತರದಲ್ಲಿ. ಎಂಜಿನ್ ನಿಂತಿರುವಾಗ ಈ ಗೇಜ್ ಹೊರಗಿನ ಗಾಳಿಯ ಒತ್ತಡವನ್ನೇ, ಅಂದರೆ ಪಾದರಸದ 28 ಇಂಚಿನ ಆಸುಪಾಸು ತೋರಿಸಬೇಕು. 30 ತೋರಿಸಿದರೆ ಗೇಜ್ ಸರಿಯಿಲ್ಲ.

ಮಳೆಗಾಲದಲ್ಲಿ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಗೇಜ್ ಹಿಂದಿನ ಸೆಂಡರ್ ವೈರ್ ಕಳಚಿ, ಅದಕ್ಕೂ ಅರ್ಥ್‌ಗೂ ಮೀಟರ್ ಹಿಡಿಯುತ್ತೇನೆ. 10 ಓಮ್ ಆಸುಪಾಸು ಬಂದರೆ ಸರಿ. 20 ಬಂದರೆ ಅವತ್ತು ಸ್ಟಾರ್ಟ್ ಇಲ್ಲ, ಕನೆಕ್ಟರ್ ಬಿಚ್ಚುವ ಕೆಲಸ.