ಈ ಮನೆಯಲ್ಲಿ ದುಡಿಯುವವರು ಯಾರು?

ನಾನು ಪೆನ್ಸಿಲ್ ಹಿಡಿದೇ ಓದಲು ಕೂರುವವಳು. ಸಹಕಾರ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು, ಆ ಚಟ ಓದಿಗೂ ಅಂಟಿಕೊಂಡಿದೆ. ಕತೆಯಲ್ಲಿ ಒಂದು ಮನೆ ಬಂತು ಅಂದರೆ ಸಾಕು, ಇಲ್ಲಿ ದುಡ್ಡು ಎಲ್ಲಿಂದ ಬರುತ್ತದೆ, ಯಾರ ಕೈಯಲ್ಲಿ ಖರ್ಚಾಗುತ್ತದೆ, ಮೈ ಬಗ್ಗಿಸುವವರು ಯಾರು ಅಂತ ಹುಡುಕುತ್ತೇನೆ. ಸಿಕ್ಕಿದ ಕಡೆ ಪುಟದ ಸಂಖ್ಯೆಯನ್ನು ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಲೈಬ್ರರಿ ಪುಸ್ತಕವಾದರೆ ಒಂದು ಚೀಟಿ. ಓದಿ ಮುಗಿದ ಮೇಲೆ ಆ ಪುಟಗಳನ್ನೇ ತಿರುವಿ ನನ್ನ ಅನಿಸಿಕೆ ಬರೆಯುತ್ತೇನೆ. ಮುನ್ನುಡಿ, ವಿಮರ್ಶೆ ಎಲ್ಲ ಆಮೇಲೆ. ಅವನ್ನು ಮೊದಲೇ ಓದಿದರೆ ಅವರ ಮಾತೇ ನನ್ನ ಪೆನ್ಸಿಲ್‌ನಲ್ಲಿ ಇಳಿಯುತ್ತದೆ.

ಈಚೆಗೆ ಓದಿದವುಗಳಲ್ಲಿ ಹೆಚ್ಚು ದಿನ ಹಿಡಿದದ್ದು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’. 1941ರ ಕಾದಂಬರಿ. ಕಡಲ ತೀರದ ಕೋಡಿ ಎಂಬ ಹಳ್ಳಿ, ರಾಮ ಐತಾಳರ ಮನೆ, ಮೂರು ತಲೆಮಾರು. ಇದನ್ನು ಅಜ್ಜ, ಮಗ, ಮೊಮ್ಮಗನ ಕತೆ ಅಂತಲೇ ಹೇಳುವ ರೂಢಿ. ನನ್ನ ಚೀಟಿಯಲ್ಲಿ ಮಾತ್ರ ಬೇರೆ ಹೆಸರುಗಳು ತುಂಬಿಕೊಂಡವು. ಐತಾಳರು ಪೌರೋಹಿತ್ಯಕ್ಕೆ ಹೋಗುತ್ತಾರೆ, ಊಟ ದಕ್ಷಿಣೆ ಮುಗಿಸಿ ಬರುತ್ತಾರೆ. ಗದ್ದೆ, ಕಟ್ಟಿಗೆ, ಅಡಿಗೆ ಎಲ್ಲ ನೋಡುವವರು ಹೆಂಡತಿ ಪಾರೋತಿ ಮತ್ತು ವಿಧವೆ ತಂಗಿ ಸರಸೋತಿ. ಮಳೆ ಬಂದರೂ ಕೆಲಸ, ಬಿಸಿಲಾದರೂ ಕೆಲಸ. ಕಾರಂತರು ಇದನ್ನು ಎಲ್ಲೂ ದೊಡ್ಡ ದನಿಯಲ್ಲಿ ಹೇಳುವುದಿಲ್ಲ. ಸುಮ್ನೆ ಕೆಲಸ ತೋರಿಸುತ್ತಾ ಹೋಗುತ್ತಾರೆ, ನಾವೇ ಸುಸ್ತಾಗುತ್ತೇವೆ.

ಪಾರೋತಿಗೆ ಮಕ್ಕಳಾಗಲಿಲ್ಲ. ಐತಾಳರು ಸತ್ಯಭಾಮೆಯನ್ನು ಮದುವೆಯಾಗುತ್ತಾರೆ. ಆ ಭಾಗ ಓದುವಾಗ ನನಗೆ ಐತಾಳರ ಮೇಲೆ ಬಂದ ಸಿಟ್ಟು ಕೊನೆಯವರೆಗೂ ಪೂರ್ತಿ ಇಳಿಯಲಿಲ್ಲ. ವಿಚಿತ್ರ ಅಂದರೆ ಅವರನ್ನು ದ್ವೇಷಿಸಲೂ ಆಗಲಿಲ್ಲ. ಪಕ್ಕದ ಶೀನ ಮಯ್ಯರ ಮಕ್ಕಳು ಬೆಂಗಳೂರಿನಲ್ಲಿ ಹೋಟೆಲು ಮಾಡಿ ಕಾಸು ಕಂಡರು ಅನ್ನುವ ಹೊಟ್ಟೆಕಿಚ್ಚು, ಅವರಿಗಿಂತ ನಾವೇನು ಕಡಿಮೆ ಅನ್ನುವ ಹಟ, ಇದೆಲ್ಲ ನಮ್ಮ ಸುತ್ತ ನೋಡಿದ್ದೇ ಅಲ್ವಾ? ಮಗ ಲಚ್ಚ ಓದಲು ಹೋಗಿ ಜೂಜು, ಸಾಲ ಕಲಿತು ಮನೆಯನ್ನೇ ಕರಗಿಸುತ್ತಾನೆ. ಮೊದಲ ತಲೆಮಾರಿನ ಹೆಂಗಸರು ಕೂಡಿಟ್ಟದ್ದು ಎರಡನೆಯ ತಲೆಮಾರಿನಲ್ಲಿ ಹೋಗುತ್ತದೆ. ಅದನ್ನು ತಡೆದುಕೊಂಡು ಮೂರನೆಯದನ್ನು ದಡ ಸೇರಿಸುವವಳು ಲಚ್ಚನ ಹೆಂಡತಿ ನಾಗವೇಣಿ. ನನ್ನ ಮಟ್ಟಿಗೆ ಇದು ಅವಳ ಕಾದಂಬರಿ. ಮೊಮ್ಮಗ ರಾಮ ಮದರಾಸು, ಚಳವಳಿ, ಮುಂಬಯಿ ಎಂದು ಅಲೆಯುವ ಪುಟಗಳಲ್ಲಿ ನನಗೆ ಊರಿನಲ್ಲಿ ಉಳಿದ ಅವಳದೇ ಯೋಚನೆ. ಆ ಭಾಗ ಸ್ವಲ್ಪ ಎಳೆದ ಹಾಗೂ ಅನಿಸಿತು. ದೊಡ್ಡವರ ಪುಸ್ತಕದ ಬಗ್ಗೆ ಹೀಗೆ ಹೇಳಬಾರದು ಅನ್ನುವವರಿದ್ದಾರೆ, ಇರಲಿ.

ಅದಾದ ಮೇಲೆ ವಿವೇಕ ಶಾನಭಾಗರ ‘ಘಾಚರ್ ಘೋಚರ್’. ತೀರಾ ಚಿಕ್ಕದು, ರಜೆಯ ದಿನ ಕೂತರೆ ಮುಗಿಯುತ್ತದೆ. ಇಲ್ಲಿ ದುಡ್ಡಿನ ಲೆಕ್ಕ ಕತೆಯ ಮೇಲೇ ಇದೆ, ನಾನು ಹುಡುಕಬೇಕಾಗಲಿಲ್ಲ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಮನೆಯವರೆಲ್ಲ ಶ್ರೀಮಂತರಾಗಿದ್ದಾರೆ. ಕತೆ ಹೇಳುವ ಹುಡುಗನಿಗೆ ಅಲ್ಲಿಂದ ಸಂಬಳ ಬರುತ್ತದೆ, ಕೆಲಸ ಮಾತ್ರ ಇಲ್ಲ. ಕಾಫಿ ಹೌಸ್‌ನಲ್ಲಿ ಕೂತಿರುತ್ತಾನೆ. ಚಿಕ್ಕಪ್ಪನ ನಿದ್ದೆ, ಊಟ, ಮರ್ಜಿ ಎಲ್ಲವನ್ನೂ ಮನೆ ಕಾಯುತ್ತದೆ. ಅವನನ್ನು ಹುಡುಕಿಕೊಂಡು ಬಂದ ಹೆಂಗಸನ್ನು ಮನೆಯ ಹೆಂಗಸರೇ ಬಾಗಿಲಲ್ಲಿ ಬೈದು ಓಡಿಸುವ ಜಾಗದಲ್ಲಿ ಪುಸ್ತಕ ಮುಚ್ಚಿ ಎದ್ದು ಹೋದೆ. ನೀರು ಕುಡಿದು ಬಂದು ಮುಂದುವರಿಸಿದೆ.

ನನಗೆ ತುಂಬಾ ಹಿಡಿಸಿದ್ದು ಅದಕ್ಕಿಂತ ಹಿಂದಿನ ಕಾಲ. ಅಪ್ಪ ಸೇಲ್ಸ್‌ಮನ್ ಆಗಿದ್ದಾಗ ದಿನದ ಲೆಕ್ಕ ಕೂಡಿಸುತ್ತಾನೆ, ತಾಳೆಯಾಗುವ ತನಕ ಮನೆಗೇ ನೆಮ್ಮದಿ ಇಲ್ಲ. ತಾಳೆಯಾಗದ ಲೆಕ್ಕದ ಎದುರು ಕೂರುವುದು ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಇರುವೆಗಳ ಕಾಟದ ಆ ಇಕ್ಕಟ್ಟಿನ ಮನೆಯಲ್ಲಿ ಪ್ರತಿ ರೂಪಾಯಿ ಎಲ್ಲರಿಗೂ ಗೊತ್ತಿತ್ತು. ದೊಡ್ಡ ಮನೆಗೆ ಬಂದ ಮೇಲೆ ಯಾರೂ ಏನೂ ಕೇಳುವುದಿಲ್ಲ. ಕೇಳಿದವಳು ಸೊಸೆ ಅನಿತಾ ಒಬ್ಬಳೇ. ಮುಂದೇನು ಅಂತ ಬರೆದರೆ ಓದದವರಿಗೆ ಮೋಸ.

ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಒಂದು ಸಣ್ಣಕತೆ. ದೀಪಾ ಭಾಸ್ತಿ ಅನುವಾದಿಸಿದ ಇವರ ಕತೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಆ ಇಂಗ್ಲಿಷ್ ಸಂಕಲನಕ್ಕೆ ಹೆಸರು ಕೊಟ್ಟ ಕತೆ ಇದೇ. ಗಂಡ ಬೇರೆ ಹೆಂಗಸಿನ ಹಿಂದೆ ಹೋದ ಅಂತ ಮೆಹರುನ್ ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ಅಣ್ಣಂದಿರಿಗೆ ಮರ್ಯಾದೆಯ ಚಿಂತೆ. ಕರೆದುಕೊಂಡು ಹೋಗಿ ಗಂಡನ ಮನೆಗೇ ಬಿಡುತ್ತಾರೆ. ಚೀಟಿಯಲ್ಲಿ ನಾನು ಬರೆದದ್ದು ಇಷ್ಟೇ: ‘ಅವಳ ಹೆಸರಿನಲ್ಲಿ ಎರಡೂ ಮನೆಯಲ್ಲಿ ಏನೂ ಇಲ್ಲ.’ ಆಮೇಲೆ ಅವಳನ್ನು ತಡೆಯುವ ಮಗಳು ಸಲ್ಮಾ ಬರುವ ಹೊತ್ತಿಗೆ ಪೆನ್ಸಿಲ್ ಕೆಳಗಿಟ್ಟಿದ್ದೆ.

ಹೀಗೆ ಲೆಕ್ಕ ಹಾಕಿ ಓದಿದರೆ ಕತೆಯ ರುಚಿ ಹೋಗುವುದಿಲ್ಲವಾ ಅಂತ ಗೆಳತಿಯೊಬ್ಬಳು ಕೇಳುತ್ತಿರುತ್ತಾಳೆ. ಕೆಲವು ಪುಸ್ತಕಗಳಲ್ಲಿ ಅವಳ ಮಾತು ಸರಿ. ತೇಜಸ್ವಿಯವರ ‘ಕರ್ವಾಲೊ’ವನ್ನು ಮತ್ತೆ ಓದಿದೆ. ಕತೆ ಹೇಳುವವನಿಗೆ ಬೇಸಾಯ ಸಾಕಾಗಿ ಜಮೀನು ಮಾರುವ ಯೋಚನೆ ಇದೆ ಅನ್ನುವಲ್ಲಿ ಗುರುತು ಹಾಕಿದ್ದೆ. ಆಮೇಲೆ ಹಾರುವ ಓತಿ ಹುಡುಕುತ್ತಾ ಎಲ್ಲರೂ ಕಾಡಿಗೆ ನುಗ್ಗಿದರು, ನಾನೂ ಹಿಂದೆ ಹೋದೆ. ಮಂದಣ್ಣನ ಜೇನು, ಎಂಗ್ಟನ ಮಾತು, ಕಿವಿ ಅನ್ನುವ ನಾಯಿಯ ಗಲಾಟೆ. ಚೀಟಿಯಲ್ಲಿ ಆ ಒಂದು ಪುಟದ ಸಂಖ್ಯೆ ಬಿಟ್ಟು ಬೇರೇನೂ ಇಲ್ಲ.

ಮುಂದೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. ಅದರಲ್ಲಿ ಮನೆಗಳೇ ಎಷ್ಟೊಂದು, ಗೌಡರ ಮನೆಯಿಂದ ಜೀತದವರ ಗುಡಿಸಿಲಿನ ತನಕ. ಚೀಟಿ ಸಾಲುವುದಿಲ್ಲ ಅಂತ ಈಗಲೇ ಒಂದು ನೋಟ್‌ಬುಕ್ ತೆಗೆದಿಟ್ಟಿದ್ದೇನೆ.