ಮಗುವಿಗೆ ತುರ್ತು ಬಂದಾಗ ಗಡಿಯಾರ ನೋಡುವ ಬಗೆ

ಮುಂಬೈಯಲ್ಲಿ ಮಗುವಿನ ಮೈ ಬಿಸಿಯಾದರೆ ನಾವು ಮೊದಲು ಹುಡುಕುವುದು ಥರ್ಮಾಮೀಟರನ್ನು. ಆದರೆ ಆಸ್ಪತ್ರೆಯ ಕ್ಯಾಷುವಾಲ್ಟಿಗೆ ಈಗಲೇ ಹೊರಡಬೇಕೇ, ಬೆಳಗಿನವರೆಗೆ ಕಾಯಬಹುದೇ ಎಂಬ ಪ್ರಶ್ನೆಗೆ ಅದಕ್ಕಿಂತ ಉತ್ತಮ ಉತ್ತರ ಕೊಡುವುದು ಗೋಡೆಯ ಗಡಿಯಾರ. ಎರಡು ತಿಂಗಳೊಳಗಿನ ಕೂಸಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ: ಅದಕ್ಕೆ ಜ್ವರ ಬಂದರೂ, ಮೈ ತಣ್ಣಗಾದರೂ, ಹಾಲು ಕುಡಿಯುವುದನ್ನು ಬಿಟ್ಟರೂ ತಡಮಾಡದೆ ಕರೆದೊಯ್ಯಬೇಕು.

ಕೆಮ್ಮು, ಜ್ವರ ಇರುವ ಮಗು ಅಳದೆ ಮಲಗಿರುವಾಗ ಅಂಗಿಯನ್ನು ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಸಲ್ಲದು, ಏಕೆಂದರೆ ಎಳೆಯ ಮಕ್ಕಳ ಉಸಿರಾಟ ಒಂದೇ ಸಮನಾಗಿರುವುದಿಲ್ಲ. ಎರಡು ತಿಂಗಳಿನೊಳಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ವೇಗದ ಉಸಿರು. ನ್ಯುಮೋನಿಯಾದ ಶಂಕೆಯಿಂದ ಅದೇ ದಿನ ವೈದ್ಯರಿಗೆ ತೋರಿಸಬೇಕು; ಎರಡು ತಿಂಗಳೊಳಗಿನ ಕೂಸಾದರೆ ತಡಮಾಡದೆ ಕರೆದೊಯ್ಯಬೇಕು. ಉಸಿರೆಳೆದಾಗ ಪಕ್ಕೆಲುಬುಗಳ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ, ತುಟಿ ನೀಲಿಯಾದರೆ, ಮಗು ಎಬ್ಬಿಸಿದರೂ ಏಳದಿದ್ದರೆ ಸಂಖ್ಯೆಗಾಗಿ ಕಾಯಬೇಡಿ. ಊರಿನಿಂದ ಬಂದ ಹಿರಿಯರು ಎದೆಗೆ ಬರೆ ಹಾಕಿಸಲು ಹೇಳಿದರೆ ಗೌರವದಿಂದಲೇ, ಆದರೆ ದೃಢವಾಗಿ ನಿರಾಕರಿಸಿ. ಬರೆಯಿಂದ ಉಸಿರು ಸರಿಹೋಗುವುದಿಲ್ಲ, ಕೂಸಿಗೆ ಸುಟ್ಟಗಾಯವೊಂದು ಹೆಚ್ಚಾಗುತ್ತದೆ.

ಮಳೆಗಾಲದಲ್ಲಿ ನಲ್ಲಿಯ ನೀರು ಕೆಟ್ಟಾಗ ಕಾಣಿಸಿಕೊಳ್ಳುವ ವಾಂತಿಭೇದಿಯಲ್ಲಿ ನೋಡಬೇಕಾದದ್ದು ಕೊನೆಯ ಸಲ ಮಗು ಮೂತ್ರ ಮಾಡಿದ್ದು ಯಾವಾಗ ಎಂಬುದನ್ನು. ಮಗುವನ್ನು ಕೊಲ್ಲುವುದು ಬಹುಮಟ್ಟಿಗೆ ದೇಹದಿಂದ ಹೋದ ನೀರು ಮತ್ತು ಲವಣ. ಆದ್ದರಿಂದ ಮೊದಲ ಭೇದಿಯಿಂದಲೇ ಓಆರ್‌ಎಸ್ ಆರಂಭಿಸಿ. ಪೊಟ್ಟಣಗಳು ಲೀಟರಿನ ಅಳತೆಯಲ್ಲಿಯೂ ಲೋಟದ ಅಳತೆಯಲ್ಲಿಯೂ ಸಿಗುವುದರಿಂದ ಮೇಲಿನ ಬರಹ ಓದಿಯೇ ಕಲಸಬೇಕು. ಲೀಟರಿನದನ್ನು ಒಂದೇ ಲೋಟಕ್ಕೆ ಸುರಿದರೆ ಉಪ್ಪಿನ ಪ್ರಮಾಣ ಅಪಾಯದ ಮಟ್ಟಕ್ಕೇರುತ್ತದೆ. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟಸ ಚಹಾಚಮಚ ಸಕ್ಕರೆ, ಅರ್ಧ ಮಟ್ಟಸ ಚಹಾಚಮಚ ಉಪ್ಪು ಸಾಕು. ಎರಡು ವರ್ಷದೊಳಗಿನವರಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ಅವರಿಗಿಂತ ದೊಡ್ಡ ಮಕ್ಕಳಿಗೆ ಅದರ ಎರಡರಷ್ಟು ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಮತ್ತೆ ಕುಡಿಸಿ. ಎದೆಹಾಲು ನಿಲ್ಲಿಸಬಾರದು. ಕಲಸಿದ ದ್ರಾವಣವನ್ನು 24 ಗಂಟೆಯ ಮೇಲೆ ಇಡಬಾರದು. ಆರು ಗಂಟೆ ಮೂತ್ರವಾಗದಿದ್ದರೆ, ಕಣ್ಣು ಗುಳಿ ಬಿದ್ದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ಹಾಗೆಯೇ ನಿಂತರೆ, ಮಲದಲ್ಲಿ ರಕ್ತ ಕಂಡರೆ ಹೊರಡಿ.

ಜ್ವರದಲ್ಲಿ ಫಿಟ್ಸ್ ಬಂದರೆ ಮೊದಲು ಸಮಯ ನೋಡಿಕೊಂಡು ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಚಮಚ ತುರುಕಬೇಡಿ. ಕೈಗೆ ಕಬ್ಬಿಣದ ಕೀಲಿ ಹಿಡಿಸುವುದರಿಂದಲೂ ಪ್ರಯೋಜನವಿಲ್ಲ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಬೇಗ ನಿಂತರೂ ಮೊದಲ ಬಾರಿಯದಾದರೆ ಅದೇ ದಿನ ತೋರಿಸಬೇಕು.

ಧಾರಾವಿಯ ಖೋಲಿಯಂಥ ಮನೆಗಳಲ್ಲಿ ಒಲೆಗೂ ಮಗು ಆಡುವ ಜಾಗಕ್ಕೂ ಹೆಚ್ಚು ಅಂತರವಿರುವುದಿಲ್ಲ. ಚಹಾ, ಸಾರು ಮೈಮೇಲೆ ಚೆಲ್ಲುವುದು ಸಾಮಾನ್ಯ. ಸುಟ್ಟ ಜಾಗದ ಮೇಲೆ ಹರಿಯುವ ತಣ್ಣೀರನ್ನು 20 ನಿಮಿಷ ಬಿಡಬೇಕು. ಆ ಹೊತ್ತಿನಲ್ಲಿ ಇದು ಬಹಳ ದೀರ್ಘವೆನಿಸುವುದರಿಂದ ಗಡಿಯಾರ ನೋಡದೆ ಎರಡೇ ನಿಮಿಷಕ್ಕೆ ನಿಲ್ಲಿಸಿಬಿಡುತ್ತೇವೆ. ಮಂಜುಗಡ್ಡೆ, ಟೂತ್‌ಪೇಸ್ಟ್, ಅರಿಶಿನ ಬೇಡ. ಮೈಯ ಉಳಿದ ಭಾಗವನ್ನು ಬೆಚ್ಚಗೆ ಹೊದೆಸಿ. ಮುಖ, ಕೈ, ಜನನಾಂಗ ಸುಟ್ಟಿದ್ದರೆ ಅಥವಾ ಗಾಯ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಸೀಮೆಎಣ್ಣೆ, ಫಿನೈಲ್, ಆ್ಯಸಿಡ್ ಕುಡಿದ ಮಗುವಿಗೆ ಎಂದಿಗೂ ವಾಂತಿ ಮಾಡಿಸಬಾರದು. ಮೇಲೆ ಬರುವಾಗ ಸೀಮೆಎಣ್ಣೆ ಶ್ವಾಸಕೋಶಕ್ಕಿಳಿಯುತ್ತದೆ, ಆ್ಯಸಿಡ್ ಅನ್ನನಾಳವನ್ನು ಎರಡನೆಯ ಬಾರಿ ಸುಡುತ್ತದೆ. ಬಾಟಲಿಯನ್ನು ಜೊತೆಯಲ್ಲಿಯೇ ಒಯ್ಯಿರಿ. ಗುಂಡಿಯಾಕಾರದ ಬ್ಯಾಟರಿ ನುಂಗಿದರೆ ಮಗು ನಗುತ್ತಿದ್ದರೂ ಕಾಯಬೇಡಿ, ಅದು ಅನ್ನನಾಳದಲ್ಲಿ ಸಿಲುಕಿದರೆ ಎರಡು ಗಂಟೆಯೊಳಗೇ ಗಂಭೀರ ಗಾಯವಾಗಬಹುದು. ತಲೆಗೆ ಪೆಟ್ಟು ಬಿದ್ದ ಮೇಲೆ ಎಚ್ಚರ ತಪ್ಪಿದರೆ, ಮತ್ತೆಮತ್ತೆ ವಾಂತಿಯಾದರೆ, ಕಿವಿ ಮೂಗಿನಿಂದ ರಕ್ತವೋ ನೀರೋ ಬಂದರೆ ಇದೇ ಆತುರ ಬೇಕು.

ಪರೇಲಿನಲ್ಲಿ ಮಕ್ಕಳಿಗೆಂದೇ ಇರುವ ವಾಡಿಯಾ, ಅಲ್ಲಿಯದೇ ಕೆಇಎಂ, ಸಯನ್ನಿನ ಲೋಕಮಾನ್ಯ ತಿಲಕ್ ಆಸ್ಪತ್ರೆಗಳು ಪರಿಚಿತ. ಆದರೆ ಉಸಿರು ಕಟ್ಟುತ್ತಿರುವ ಮಗುವನ್ನು ದೊಡ್ಡ ಹೆಸರಿನ ಆಸೆಗೆ ಊರಾಚೆಯಿಂದ ಹೊತ್ತು ತರದೆ ಹತ್ತಿರದ ಆಸ್ಪತ್ರೆಗೆ ಒಯ್ಯುವುದೇ ಸರಿ. ಕೇಸ್ ಪೇಪರ್ ಎಂಬ ನೋಂದಣಿ ಚೀಟಿ ಮಾಡಿಸಲು ಒಬ್ಬರು ಸಾಲಿನಲ್ಲಿ ನಿಲ್ಲಲಿ, ಮಗುವನ್ನು ಎತ್ತಿಕೊಂಡವರು ನೇರವಾಗಿ ಒಳಗೆ ಹೋಗಲಿ. ಮರಾಠಿ ಬಾರದ ಅಜ್ಜಿಯೇ ಜೊತೆಗಿದ್ದರೆ ಜ್ವರಕ್ಕೆ ತಾಪ್, ಭೇದಿಗೆ ಜುಲಾಬ್, ವಾಂತಿಗೆ ಉಲ್ಟಿ, ಫಿಟ್ಸ್‌ಗೆ ಆಕಡಿ ಎಂಬ ನಾಲ್ಕು ಮಾತುಗಳನ್ನು ಮೊದಲೇ ಕಲಿಸಿಡಿ. ಉಸಿರಿನ ಎಣಿಕೆ, ಮೂತ್ರದ ಹೊತ್ತು, ಫಿಟ್ಸ್ ಆರಂಭವಾದ ನಿಮಿಷ, ಕೊಟ್ಟ ಔಷಧದ ಹೆಸರು, ಮಗುವಿನ ತೂಕ ಇಷ್ಟನ್ನು ಒಂದು ಚೀಟಿಯಲ್ಲಿ ಅಂಕಿಗಳಲ್ಲೇ ಬರೆದುಕೊಡಿ.