ಕಾಯಿಲೆ, ಕಷ್ಟಗಳ ಮಾತನ್ನು ಪೋರ್ಚುಗೀಸಿಗೆ ತರುವಾಗ: ನನ್ನ ಅನುಭವ

ಇಂಗ್ಲಿಷಿನಿಂದ ಪೋರ್ಚುಗೀಸಿಗೆ ಅನುವಾದ ಮಾಡುವಾಗ ಕಾಯಿಲೆಯ ಮಾತು ಬಂದರೆ, ನಿಘಂಟನ್ನು ತೆರೆಯುವ ಮೊದಲೇ ಅದನ್ನು ಆಡುತ್ತಿರುವವರು ಯಾರು, ಓದುವವರು ಪೋರ್ಚುಗಲ್ಲಿನವರೋ ಬ್ರೆಜಿಲಿನವರೋ ಎಂಬುದನ್ನು ಅಂಚಿನಲ್ಲಿ ಬರೆದುಕೊಳ್ಳುತ್ತೇನೆ. ಪಾರ್ಶ್ವವಾಯುವಿಗೆ ಕಾರಣವಾಗುವ 'ಸ್ಟ್ರೋಕ್' ವೈದ್ಯರ ಬಾಯಲ್ಲಿ ಎರಡೂ ಕಡೆ 'ಆ-ವೆ-ಸೆ' ಎಂಬ ಮೂರಕ್ಷರದ ಹ್ರಸ್ವರೂಪವಾಗುತ್ತದೆ. ಆದರೆ ಮನೆಯವರು ಹೇಳುವಾಗ ಪೋರ್ಚುಗಲ್ಲಿನಲ್ಲಿ 'ತ್ರೊಂಬೋಜ್' ಎಂದೂ ಬ್ರೆಜಿಲಿನಲ್ಲಿ 'ದೆಹಾಮೆ' ಎಂದೂ ಬರೆದರೆ ಮಾತು ಸಹಜವಾಗಿ ಕೇಳಿಸುತ್ತದೆ. ಪೋರ್ಚುಗಲ್ಲಿನವನು ತಾನು 'ಕೊನ್‌ಶ್ಟಿಪಾದು' ಎಂದರೆ ಅವನಿಗೆ ನೆಗಡಿಯಾಗಿದೆ ಎಂದರ್ಥ, ಇಂಗ್ಲಿಷಿನ 'ಕಾನ್‌ಸ್ಟಿಪೇಟೆಡ್' ಸೂಚಿಸುವ ಮಲಬದ್ಧತೆಯಲ್ಲ. ಇದು ಎಲ್ಲ ಪಾಠಗಳಲ್ಲೂ ಸಿಗುವ ಎಚ್ಚರಿಕೆಯಾದ್ದರಿಂದ ಇಲ್ಲಿ ಬೆಳೆಸುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಸಾವಿನ ಸುತ್ತಲಿನ ಮಾತುಗಳು. ಬಕೆಟ್ಟನ್ನು ಒದೆಯುವ ಇಂಗ್ಲಿಷ್ ನುಡಿಗಟ್ಟಿಗೆ ಬೂಟುಗಳನ್ನು ಬಡಿಯುವ 'ಬಾತೆರ್ ಆಶ್ ಬೋತಶ್' ಚೆನ್ನಾಗಿ ಹೊಂದುತ್ತದೆ, ಏಕೆಂದರೆ ನಮ್ಮ 'ಗೊಟಕ್ ಎಂದ' ಎಂಬುದರ ಲಘುತನವೇ ಎರಡರಲ್ಲೂ ಇದೆ. ಪದಶಃ ಸರಿಯಾಗಿ ಕೂರುವ ಮಾತೇ ಕೆಲವೊಮ್ಮೆ ಹೆಚ್ಚು ತೊಂದರೆ ಕೊಡುತ್ತದೆ. ಒಂದು ಜೀವನಚರಿತ್ರೆಯಲ್ಲಿ ಮೂತ್ರಪಿಂಡದ ರೋಗದಿಂದ ತೀರಿಕೊಂಡವರನ್ನು ಕುರಿತು 'ದೀರ್ಘಕಾಲದ ಕಾಯಿಲೆಯ ನಂತರ' ಎಂದಿತ್ತು. 'ದೊಯೆನ್ಸ ಪ್ರೊಲೊಂಗಾದ' ಎಂದರೆ ಅಕ್ಷರಶಃ ಅದೇ. ಆದರೆ ಪೋರ್ಚುಗಲ್ಲಿನ ಪತ್ರಿಕೆಗಳ ನಿಧನವಾರ್ತೆಗಳಲ್ಲಿ ಕ್ಯಾನ್ಸರನ್ನು ಹೆಸರಿಸದೆ ಸೂಚಿಸಲು ಬಳಸುತ್ತ ಬಂದ ಮಾತೂ ಅದೇ ಆದ್ದರಿಂದ, ಅವರು ಹಲವು ವರ್ಷ ಅಸ್ವಸ್ಥರಾಗಿದ್ದರು ಎಂದು ಬಿಡಿಸಿ ಬರೆದೆ.

ಕಷ್ಟದ ಮಾತುಗಳು ಇಷ್ಟು ಸತಾಯಿಸುವುದಿಲ್ಲ. 'ದೆಶ್‌ಗ್ರಾಸ' ಎಂದರೆ ದುರಂತವೇ ಹೊರತು ಇಂಗ್ಲಿಷಿನಲ್ಲಿ ಹಾಗೆ ಕೇಳಿಸುವ ಪದ ಹೇಳುವ ಅವಮಾನವಲ್ಲ ಎಂಬುದು ತಿಳಿದಿದ್ದರೆ, ಮಳೆ ಬಂದರೆ ಸುರಿದೇ ಬರುತ್ತದೆ ಎಂಬ ಇಂಗ್ಲಿಷ್ ಗಾದೆಗೆ 'ದುರಂತ ಒಂಟಿಯಾಗಿ ಬರುವುದಿಲ್ಲ' ಎಂಬ ಅಲ್ಲಿನ ಗಾದೆ ತಾನಾಗಿ ಒದಗುತ್ತದೆ. ಮೊಮ್ಮಗನ ಜ್ವರವನ್ನು ಕುರಿತು ಕೆಟ್ಟ ಮಾತಾಡಿದವರಿಗೆ ಅಜ್ಜಿಯೊಬ್ಬಳು 'ದೇವರೇ, ಹಾಗಾಗದಿರಲಿ' ಎನ್ನುವಲ್ಲಿ, 'ಸೈತಾನ ಕಿವುಡನಾಗಿರಲಿ' ಎಂಬರ್ಥದ 'ಊ ದಿಯಾಬು ಸೆಜ ಸುರ್ದು' ಎಂದು ಹಾಕಿದೆ. 'ಬಿಡ್ತು ಅನ್ನು' ಎಂದು ಗದರಿಸುವ ನಮ್ಮ ಹಿರಿಯರ ದನಿ ಅದರಲ್ಲಿದೆ.

ಭಾರತದಿಂದ ಬರೆದ ಹಳೆಯ ಇಂಗ್ಲಿಷ್ ಪತ್ರವೊಂದರಲ್ಲಿ ಕಾಲರಾದಂಥ ವಾಂತಿಭೇದಿಗೆ 'ಮೊರ್ ದ ಶಿಯೆನ್' ಎಂಬ ಹೆಸರಿತ್ತು. ನೋಡಿದರೆ ಫ್ರೆಂಚಿನಲ್ಲಿ ನಾಯಿಯ ಸಾವು ಎಂದಾಗುತ್ತದೆ; ಅದನ್ನು ನಂಬಿ ಅನುವಾದಿಸಿದರೆ ಪೋರ್ಚುಗೀಸ್ ಓದುಗರಿಗೆ ಅವರದೇ ಪದ ಕೈತಪ್ಪುತ್ತಿತ್ತು. ಮರಾಠಿ, ಕೊಂಕಣಿಗಳ 'ಮೊಡಶಿ'ಯನ್ನು ಗೋವೆಯ ಪೋರ್ಚುಗೀಸರು 'ಮೊರ್ದೆಶಿಂ' ಮಾಡಿಕೊಂಡಿದ್ದರು. 1563ರಲ್ಲಿ ಗೋವೆಯಲ್ಲೇ ಅಚ್ಚಾದ ತನ್ನ ಗ್ರಂಥದಲ್ಲಿ ವೈದ್ಯ ಗಾರ್ಸಿಯಾ ದ ಓರ್ತಾ ಈ ರೋಗವನ್ನು ವಿವರಿಸಿದ್ದಾನೆ. ನಾಯಿ ಸೇರಿಕೊಂಡದ್ದು ಆಮೇಲೆ. ಆದ್ದರಿಂದ ಪತ್ರದಲ್ಲಿ 'ಮೊರ್ದೆಶಿಂ' ಎಂದೇ ಇರಿಸಿ, ಸಂಪಾದಕರ ಆಧುನಿಕ ವಿವರಣೆಯಲ್ಲಿ ಮಾತ್ರ 'ಕೋಲೆರ' ಬಳಸಿದೆ. ಆ ಪದಕ್ಕೆ ಸಿಟ್ಟು ಎಂಬ ಅರ್ಥವೂ ಇರುವುದರಿಂದ, 'ಊರನ್ನು ಕೋಲೆರ ಆವರಿಸಿತು' ಎಂಬಂಥ ವಾಕ್ಯಗಳಲ್ಲಿ ಅದರ ಪಕ್ಕಕ್ಕೆ ಸಾಂಕ್ರಾಮಿಕ ರೋಗ ಎಂಬುದನ್ನೂ ಸೇರಿಸಬೇಕಾಯಿತು.